ಹೊಲ ಮೇಯ್ದ ಬೇಲಿ: ಒಂದು ಇಲಿಯ ಚರಿತ್ರೆ

ಇಲಿಬೋನು ಕೊಳ್ಳಲು ವಿಜಯನಗರದ ಅಂಗಡಿಗೆ ಹೋಗುವವರಿಗೆ ಇಲಿಯ ಉಪಕಾರದ ಮಾತು ರುಚಿಸಲಿಕ್ಕಿಲ್ಲ. ಆದರೆ 2025ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯ ಹಿಂದೆ, ಮೂರು ನಾಲ್ಕು ವಾರ ಬದುಕಿ ಸಾಯುತ್ತಿದ್ದ ಇಲಿಮರಿಗಳ ಕಥೆ ಇದೆ.

ಅಮೆರಿಕದ ಓಕ್ ರಿಡ್ಜ್, ಅಣುಬಾಂಬ್ ಯೋಜನೆಗೆಂದೇ ಕಟ್ಟಿದ ಊರು. ಯುದ್ಧ ಮುಗಿದ ಮೇಲೆ, ವಿಕಿರಣದಿಂದ ಸಂತತಿಗೆ ಏನಾಗುತ್ತದೆ ಎಂದು ತಿಳಿಯಲು ಅಲ್ಲಿನ ಪ್ರಯೋಗಾಲಯದಲ್ಲಿ ಇಲಿಗಳನ್ನು ಸಾಕಿದ್ದರು. 1949ರಲ್ಲಿ ಅಲ್ಲಿ ಕೆಲವು ರೋಗಿಷ್ಠ ಗಂಡುಮರಿಗಳು ಹುಟ್ಟಿದವು. ಚರ್ಮ ಹೊಟ್ಟಿನಂತೆ ಉದುರುತ್ತಿತ್ತು, ಗುಲ್ಮ ಊದಿಕೊಂಡಿತ್ತು. ತಮಾಷೆಯೆಂದರೆ ಇದು ವಿಕಿರಣದ ಫಲವಾಗಿರಲಿಲ್ಲ. ತಾನಾಗಿಯೇ ಆದ ಉತ್ಪರಿವರ್ತನೆ. ಇಲಿಗೆ 'ಸ್ಕರ್ಫಿ' ಎಂದು ಹೆಸರಿಟ್ಟರು.

ಗಂಡುಮರಿಗಳೇ ಏಕೆ ಸಾಯಬೇಕು? ದೋಷ ಎಕ್ಸ್ ವರ್ಣತಂತುವಿನಲ್ಲಿತ್ತು. ಹೆಣ್ಣಿಗೆ ಎರಡು ಎಕ್ಸ್ ಇರುವುದರಿಂದ ಒಂದು ಕೆಟ್ಟರೂ ಇನ್ನೊಂದು ಕಾಯುತ್ತದೆ. ಗಂಡಿಗೆ ಇರುವುದೇ ಒಂದು. ತಾಯಂದಿರು ಆರೋಗ್ಯವಾಗಿದ್ದು ದೋಷವನ್ನು ಮುಂದಿನ ತಲೆಮಾರಿಗೆ ದಾಟಿಸುತ್ತಿದ್ದವು. ಆ ತಳಿ ಉಳಿದದ್ದು ಹೀಗೆ.

ರೋಗದ ಗುಟ್ಟು ಬಿಡಿಸಲು ಮತ್ತೊಂದು ವಿಚಿತ್ರ ಇಲಿ ನೆರವಾಯಿತು. 1962ರಲ್ಲಿ ಗ್ಲಾಸ್ಗೋದಲ್ಲಿ ಕಂಡುಬಂದ 'ಬೋಳು ಇಲಿ'ಗೆ ಕೂದಲಷ್ಟೇ ಅಲ್ಲ, ಎದೆಗೂಡಿನ ತೈಮಸ್ ಗ್ರಂಥಿಯೂ ಇಲ್ಲವೆಂದು 1968ರಲ್ಲಿ ತಿಳಿಯಿತು. ರೋಗಾಣುಗಳೊಡನೆ ಹೋರಾಡುವ ಟಿ ಜೀವಕೋಶಗಳು ಪಳಗುವುದು ಈ ಗ್ರಂಥಿಯಲ್ಲೇ. ಎರಡೂ ತಳಿಗಳನ್ನು ಕೂಡಿಸಿದಾಗ ಹುಟ್ಟಿದ ತೈಮಸ್‌ರಹಿತ ಸ್ಕರ್ಫಿ ಮರಿಗಳಿಗೆ ಆ ರೋಗವೇ ಬರಲಿಲ್ಲ ಎಂದು 1991ರಲ್ಲಿ ಪ್ರಕಟವಾಯಿತು. ಅಂದರೆ ಮರಿಗಳನ್ನು ಕೊಲ್ಲುತ್ತಿದ್ದುದು ಹೊರಗಿನ ಶತ್ರುವಲ್ಲ, ಅವುಗಳದೇ ಟಿ ಕೋಶಗಳು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಹಾಗಾದರೆ ಆರೋಗ್ಯವಂತರಲ್ಲಿ ಬೇಲಿ ಸುಮ್ಮನಿರುವುದು ಹೇಗೆ? ಜಪಾನಿನ ಶಿಮೋನ್ ಸಕಾಗುಚಿ 1995ರಲ್ಲಿ ಉತ್ತರ ಕೊಟ್ಟರು: ಉಳಿದವನ್ನು ಹದ್ದುಬಸ್ತಿನಲ್ಲಿಡುವ 'ನಿಯಂತ್ರಕ' ಟಿ ಕೋಶಗಳಿವೆ. ಆಗ ನಂಬಿದವರು ಕಡಿಮೆ. ಅತ್ತ ಅಮೆರಿಕದ ಕಂಪನಿಯೊಂದರಲ್ಲಿ ಮೇರಿ ಬ್ರಂಕೋವ್ ಮತ್ತು ಫ್ರೆಡ್ ರ‍್ಯಾಮ್ಸ್‌ಡೆಲ್ ಸ್ಕರ್ಫಿಯ ಕೆಟ್ಟ ವಂಶವಾಹಿಗಾಗಿ ಹುಡುಕುತ್ತಿದ್ದರು. ಶಂಕೆಯ ಪಟ್ಟಿಯಲ್ಲಿ ಉಳಿದದ್ದು ಇಪ್ಪತ್ತು. ಒಂದೊಂದಾಗಿ ಪರೀಕ್ಷಿಸಿದರೆ ಸಿಕ್ಕಿಬಿದ್ದದ್ದು ಕಟ್ಟಕಡೆಯದು! 2001ರಲ್ಲಿ ಪ್ರಕಟವಾದ ಅದರ ಹೆಸರು ಫಾಕ್ಸ್‌ಪಿ3. ಗಂಡುಮಕ್ಕಳನ್ನು ಎಳವೆಯಲ್ಲೇ ಬಲಿ ತೆಗೆದುಕೊಳ್ಳುವ 'ಐಪೆಕ್ಸ್' ಎಂಬ ಅಪರೂಪದ ಕಾಯಿಲೆಗೂ ಅದೇ ವಂಶವಾಹಿ ಕಾರಣವೆಂದು ಆ ವರ್ಷವೇ ಗೊತ್ತಾಯಿತು. ಸಕಾಗುಚಿಯ ನಿಯಂತ್ರಕ ಕೋಶಗಳು ರೂಪುಗೊಳ್ಳಲು ಅದೇ ಬೇಕೆಂಬುದು ಖಚಿತವಾದದ್ದು 2003ರಲ್ಲಿ. ನೊಬೆಲ್ ಈ ಮೂವರಿಗೂ ಸಂದಿತು.

ಬೆಂಗಳೂರೂ ಈ ಕಥೆಯಿಂದ ದೂರವಿಲ್ಲ. ಜಿಕೆವಿಕೆ ಆವರಣದ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದಲ್ಲಿ ಅಪೂರ್ವಾ ಸರೀನ್ ಅವರ ತಂಡ ಇಲಿಗಳ ಇದೇ ನಿಯಂತ್ರಕ ಕೋಶಗಳನ್ನು ಅಭ್ಯಸಿಸಿತು. ಬದುಕಲು ಬೇಕಾದ ಪೋಷಕ ಸಂಕೇತ ಬತ್ತಿದಾಗಲೂ ಅವು ಸಾಯದೆ ಉಳಿಯಲು ನಾಚ್-1 ಎಂಬ ಪ್ರೋಟೀನ್ ನೆರವಾಗುತ್ತದೆ. ಅದೂ ಕೋಶಕೇಂದ್ರದ ಹೊರಗೆ ನಿಂತು. 2012ರಲ್ಲಿ ಪ್ರಕಟವಾದ ಈ ಸಂಗತಿ ತಜ್ಞರ ಹುಬ್ಬೇರಿಸುವಂಥದ್ದು. ಏಕೆಂದರೆ ಆ ಪ್ರೋಟೀನಿನ ಹೆಸರಾದ ಕೆಲಸವೆಲ್ಲ ನಡೆಯುವುದು ಕೋಶಕೇಂದ್ರದ ಒಳಗೆ.