ಆನ್‌ಲೈನ್ ಅರ್ಜಿದಾರರಿಗೆ ಬ್ರೌಸರ್ ಹಾಗೂ ಇ-ಮೇಲ್ ಹೊಂದಾಣಿಕೆಗಳ ಕುರಿತು ಮಾಹಿತಿ

ಅಂತರಜಾಲದ ಮೂಲಕ ಅರ್ಜಿ ಸಲ್ಲಿಸುವ ಸಾರ್ವಜನಿಕರ ಅನುಕೂಲಕ್ಕಾಗಿ ಈ ಕೆಳಕಂಡ ಮಾಹಿತಿಯನ್ನು ಒದಗಿಸಲಾಗಿದೆ. ಅರ್ಜಿಯು ಎಲ್ಲ ರೀತಿಯಿಂದಲೂ ಸಮರ್ಪಕವಾಗಿದ್ದಾಗ್ಯೂ, ಬ್ರೌಸರ್ ಅಥವಾ ಇ-ಮೇಲ್‌ನ ಹೊಂದಾಣಿಕೆ ಸರಿಯಿಲ್ಲದ ಕಾರಣ ಸ್ವೀಕೃತಿ ಪತ್ರ ದೊರೆಯದಿರುವ ಅಥವಾ ಕಚೇರಿಯ ಸೂಚನೆ ಗಮನಕ್ಕೆ ಬಾರದೆ ಕಾಲಮಿತಿ ಮೀರುವ ಸಂಭವವಿರುತ್ತದೆ. ಆದ್ದರಿಂದ ಅರ್ಜಿ ತುಂಬುವ ಮೊದಲು ಇವುಗಳನ್ನು ಪರಿಶೀಲಿಸಿಕೊಳ್ಳುವುದು ಸೂಕ್ತ.

1. ಬ್ರೌಸರ್‌ನ ಆವೃತ್ತಿ

ಕ್ರೋಮ್, ಫೈರ್‌ಫಾಕ್ಸ್ ಅಥವಾ ಎಡ್ಜ್ ಬ್ರೌಸರ್‌ನ ಇತ್ತೀಚಿನ ಆವೃತ್ತಿಯನ್ನು ಬಳಸತಕ್ಕದ್ದು. ಇಂಟರ್ನೆಟ್ ಎಕ್ಸ್‌ಪ್ಲೋರರ್ 11ನ್ನು ಮೈಕ್ರೋಸಾಫ್ಟ್ ಸಂಸ್ಥೆಯು 2022ರ ಜೂನ್ 15ರಂದು ನಿವೃತ್ತಿಗೊಳಿಸಿರುವುದರಿಂದ ಅದನ್ನು ಅವಲಂಬಿಸಬಾರದು.

2. ಪಾಪ್-ಅಪ್ ಅನುಮತಿ

ಸ್ವೀಕೃತಿ ಪತ್ರ ಅಥವಾ ಶುಲ್ಕದ ರಸೀದಿಯು ಕೆಲವು ಜಾಲತಾಣಗಳಲ್ಲಿ ಹೊಸ ಕಿಟಕಿಯಲ್ಲಿ ತೆರೆದುಕೊಳ್ಳುತ್ತದೆ. ಬ್ರೌಸರ್‌ಗಳು ಇಂತಹ ಕಿಟಕಿಯನ್ನು ತಡೆಹಿಡಿಯಬಹುದು. ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್, ಪ್ರೈವೆಸಿ ಅಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್ ಎಂಬ ಕ್ರಮದಲ್ಲಿ ಮುಂದುವರಿದು, ಪಾಪ್-ಅಪ್ಸ್ ಅಂಡ್ ರಿಡೈರೆಕ್ಟ್ಸ್ ಎಂಬಲ್ಲಿ ಸಂಬಂಧಿತ ಜಾಲತಾಣದ ವಿಳಾಸಕ್ಕೆ ಮಾತ್ರ ಅನುಮತಿ ನೀಡಬೇಕು. ಎಲ್ಲ ಜಾಲತಾಣಗಳಿಗೂ ಅನುಮತಿ ನೀಡುವುದು ಸುರಕ್ಷಿತವಲ್ಲ.

3. ಕುಕಿ ಮತ್ತು ದಿನಾಂಕ

ಲಾಗಿನ್ ಆದ ಕೂಡಲೇ ಪುನಃ ಲಾಗಿನ್ ಪುಟವೇ ಬರುತ್ತಿದ್ದಲ್ಲಿ, ಆ ಜಾಲತಾಣದ ಕುಕಿಗಳನ್ನು ತಡೆಹಿಡಿಯಲಾಗಿದೆಯೇ ಎಂದು ಪರಿಶೀಲಿಸಿ. ಭದ್ರತಾ ಪ್ರಮಾಣಪತ್ರದ ಎಚ್ಚರಿಕೆ ಕಂಡುಬಂದಲ್ಲಿ ಮೊದಲು ಗಣಕಯಂತ್ರದ ದಿನಾಂಕ ಮತ್ತು ವೇಳೆಯನ್ನು ಸರಿಪಡಿಸಿ. ಆನಂತರವೂ ಎಚ್ಚರಿಕೆ ಮುಂದುವರಿದಲ್ಲಿ ಯಾವುದೇ ವೈಯಕ್ತಿಕ ವಿವರ ನೀಡಕೂಡದು.

4. ಕನ್ನಡ ಅಕ್ಷರಗಳು

ಹೆಸರು ಮತ್ತು ವಿಳಾಸವನ್ನು ಯೂನಿಕೋಡ್ ಕನ್ನಡದಲ್ಲಿಯೇ ನಮೂದಿಸತಕ್ಕದ್ದು. ನುಡಿ ಅಥವಾ ಬರಹದ ಹಳೆಯ ಫಾಂಟ್‌ಗಳಲ್ಲಿ ಸಿದ್ಧಪಡಿಸಿದ ಪಠ್ಯವನ್ನು ನೇರವಾಗಿ ಅಂಟಿಸಿದಲ್ಲಿ ಅದು ಇಂಗ್ಲಿಷ್ ಅಕ್ಷರ ಹಾಗೂ ಚಿಹ್ನೆಗಳಾಗಿ ದಾಖಲಾಗುತ್ತದೆ. ಬ್ರೌಸರ್‌ನ ಸ್ವಯಂ ಅನುವಾದ ಸೌಲಭ್ಯವನ್ನು ಅರ್ಜಿಯ ಪುಟದಲ್ಲಿ ನಿಲ್ಲಿಸಿಡುವುದು ಒಳ್ಳೆಯದು. ಇಲ್ಲವಾದಲ್ಲಿ ಪುಟದ ಶೀರ್ಷಿಕೆ ಮತ್ತು ಸೂಚನೆಗಳ ಅರ್ಥ ಬದಲಾಗಿ ಕಾಣಬಹುದು. ಸಲ್ಲಿಸುವ ಮುನ್ನ ಹೆಸರಿನ ಪ್ರತಿ ಅಕ್ಷರವನ್ನೂ ಓದಿ ನೋಡಿ.

5. ಸೈಬರ್ ಕೇಂದ್ರದ ಗಣಕಯಂತ್ರ

ಇತರರೂ ಬಳಸುವ ಗಣಕಯಂತ್ರದಲ್ಲಿ ಖಾಸಗಿ ಕಿಟಕಿಯನ್ನು ಬಳಸಿ. ಕ್ರೋಮ್ ಮತ್ತು ಎಡ್ಜ್‌ನಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಎನ್ ಕೀಲಿಗಳನ್ನು, ಫೈರ್‌ಫಾಕ್ಸ್‌ನಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಪಿ ಕೀಲಿಗಳನ್ನು ಒಟ್ಟಿಗೆ ಒತ್ತಿದಲ್ಲಿ ಅದು ತೆರೆಯುತ್ತದೆ. ಪಾಸ್‌ವರ್ಡ್ ಉಳಿಸಬೇಕೇ ಎಂಬ ಪ್ರಶ್ನೆಗೆ ಬೇಡವೆಂದೇ ಉತ್ತರಿಸಿ. ಖಾಸಗಿ ಕಿಟಕಿಯನ್ನು ಮುಚ್ಚಿದರೂ ಇಳಿಸಿಕೊಂಡ ಕಡತಗಳು ಡೌನ್‌ಲೋಡ್ಸ್ ಕಡತಕೋಶದಲ್ಲಿ ಹಾಗೆಯೇ ಉಳಿಯುತ್ತವೆ. ಅವುಗಳನ್ನು ಅಳಿಸಿ, ರಿಸೈಕಲ್ ಬಿನ್‌ನಿಂದಲೂ ತೆಗೆದುಹಾಕಬೇಕು.

6. ಇ-ಮೇಲ್ ಹೊಂದಾಣಿಕೆ

ಅ) ಅರ್ಜಿಯಲ್ಲಿ ತಮ್ಮ ಸ್ವಂತ ಇ-ಮೇಲ್ ವಿಳಾಸವನ್ನೇ ನೀಡಿ. ಅರ್ಜಿ ತುಂಬಿಕೊಡುವವರ ವಿಳಾಸ ನೀಡಿದಲ್ಲಿ, ದಾಖಲೆ ಕೋರುವ ಸೂಚನೆಯು ಅವರಿಗೆ ತಲುಪುತ್ತದೆಯೇ ಹೊರತು ತಮಗಲ್ಲ.

ಆ) ಸ್ಪ್ಯಾಮ್ ಕಡತಕೋಶವನ್ನು ವಾರಕ್ಕೊಮ್ಮೆಯಾದರೂ ನೋಡಿ. ಜಿಮೇಲ್‌ನಲ್ಲಿ ಸ್ಪ್ಯಾಮ್‌ಗೆ ಸೇರಿದ ಪತ್ರಗಳು 30 ದಿನಗಳ ನಂತರ ತಾವಾಗಿಯೇ ಅಳಿಸಿಹೋಗುತ್ತವೆ. ಕಚೇರಿಯ ಪತ್ರ ಅಲ್ಲಿ ಕಂಡುಬಂದಲ್ಲಿ ನಾಟ್ ಸ್ಪ್ಯಾಮ್ ಎಂಬುದನ್ನು ಒತ್ತಿ, ಕಳುಹಿಸಿದವರ ವಿಳಾಸಕ್ಕೆ ಫಿಲ್ಟರ್ ರಚಿಸಿ, ಇನ್ನು ಮುಂದೆ ಸ್ಪ್ಯಾಮ್‌ಗೆ ಕಳುಹಿಸಬಾರದೆಂಬ ಆಯ್ಕೆಯನ್ನು ಗುರುತಿಸಿ.

ಇ) ತಮ್ಮ ಪತ್ರಗಳು ಅಪರಿಚಿತ ವಿಳಾಸಕ್ಕೆ ಫಾರ್ವರ್ಡ್ ಆಗುತ್ತಿಲ್ಲವೆಂಬುದನ್ನೂ, ಖಾತೆ ಮರುಪಡೆಯುವ ದೂರವಾಣಿ ಸಂಖ್ಯೆ ತಮ್ಮದೇ ಎಂಬುದನ್ನೂ ಸೆಟ್ಟಿಂಗ್ಸ್‌ನಲ್ಲಿ ಖಚಿತಪಡಿಸಿಕೊಳ್ಳಿ.

ಈ) ಕಳುಹಿಸಿದವರ ಹೆಸರನ್ನಷ್ಟೇ ನಂಬದೆ ಪೂರ್ಣ ವಿಳಾಸವನ್ನು ಓದಿ. ಹೆಸರಿನ ಜಾಗದಲ್ಲಿ ಯಾರು ಬೇಕಾದರೂ ಇಲಾಖೆಯ ಹೆಸರನ್ನು ಬರೆದುಕೊಳ್ಳಬಹುದು. ಪಾಸ್‌ವರ್ಡ್ ಅಥವಾ ಒಟಿಪಿ ಕೋರುವ ಪತ್ರಗಳಿಗೆ ಉತ್ತರಿಸಬಾರದು.

ವಿಶೇಷ ಸೂಚನೆ: ಅರ್ಜಿ ಸಲ್ಲಿಸಿದ ಕೂಡಲೇ ಸ್ವೀಕೃತಿ ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಇ-ಮೇಲ್ ಬಾರದಿದ್ದರೂ ಈ ಸಂಖ್ಯೆಯ ಆಧಾರದ ಮೇಲೆ ಅರ್ಜಿಯ ಸ್ಥಿತಿಯನ್ನು ವಿಚಾರಿಸಬಹುದಾಗಿದೆ.