ಎರೆಹೊಲದ ಹತ್ತಿಗೆ ಬಂದರಿನ ಹೆಸರು

ಹುನಗುಂದದ ಎರೆಹೊಲಕ್ಕೂ ಹಾಯಿಹಡಗಿಗೂ ಏನು ಸಂಬಂಧ ಅಂತೀರಾ? ಐತ್ರಿ!

ರೈಲು ಬರೋ ಮೊದಲು ನಮ್ಮ ಕಡೆಯ ಹತ್ತಿ ಎತ್ತಿನ ಬಂಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರು ಸೇರುತ್ತಿತ್ತು. ಅಲ್ಲಿಂದ ಪತ್ತೆಮಾರಿ ಎಂಬ ಹಾಯಿಹಡಗು ಅದನ್ನು ಮುಂಬೈಗೆ ಒಯ್ಯುತ್ತಿತ್ತು. ಮಳೆಗಾಲದಲ್ಲಿ ಕಡಲದಾರಿ ಬಂದ್. ಅಷ್ಟರೊಳಗೆ ಬಂಡಿ ಮುಟ್ಟಲೇಬೇಕು. 1861–65ರಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ಸಿಗದಾದಾಗ, ಇಲ್ಲಿಯ ಹತ್ತಿಗೆ ಬಂಗಾರದ ಬೆಲೆ ಬಂತು.

1884ರಲ್ಲಿ ಗದಗ–ಹೊಟಗಿ ರೈಲು ಬಾದಾಮಿ, ಬಾಗಲಕೋಟೆ ದಾಟಿ ಓಡಿತು. ಹತ್ತಿ ಹಡಗು ಬಿಟ್ಟು ರೈಲು ಏರಿತು, ಪತ್ತೆಮಾರಿಯ ಕಾಲ ಇಳಿಯಿತು. ಆದರೂ ಮುಂಬೈ ಪೇಟೆಯಲ್ಲಿ ಈ ಹತ್ತಿಗೆ ‘ಕುಮಟಾ’ ಅಂತಲೇ ಹೆಸರಿತ್ತು. ಬೆಳೆದ ಊರಿನದಲ್ಲ, ಹಡಗು ಹತ್ತಿದ ಊರಿನದು!

ನಿಮ್ಮ ಮನೆತನದಾಗ ಕುಮಟಾಕ್ಕೆ ಬಂಡಿ ಹೊಡೆದವರ ಕಥೆ ಇದ್ರೆ ಕೆಳಗೆ ಬರೀರಿ.