ಶೆಡ್ಡಿನಲ್ಲಿ ಹುಟ್ಟಿದ ಲೋಟಸ್

ರೇಸಿಗೆ ಹೆಸರಾದ ಲೋಟಸ್ ಕಾರುಗಳ ವಂಶದ ಹಿರಿಯ ಹುಟ್ಟಿದ್ದು ಕಾರ್ಖಾನೆಯಲ್ಲಲ್ಲ, ಉತ್ತರ ಲಂಡನ್ನಿನ ಮನೆಯೊಂದರ ಹಿತ್ತಲ ಶೆಡ್ಡಿನಲ್ಲಿ. ಅದು ಎಂಜಿನಿಯರಿಂಗ್ ವಿದ್ಯಾರ್ಥಿ ಕಾಲಿನ್ ಚಾಪ್‌ಮನ್‌ನ ಗೆಳತಿ ಹೇಜಲ್‌ಳ ತಂದೆ-ತಾಯಿಯ ಮನೆ. ಯುದ್ಧ ಮುಗಿದ ಬ್ರಿಟನ್ನಿನಲ್ಲಿ ಹೊಸ ಕಾರು ದುರ್ಲಭ. ಆದರೆ 1922ರಿಂದ 1939ರವರೆಗೆ ತಯಾರಾದ ಆಸ್ಟಿನ್ ಸೆವೆನ್ ಹಳೆಯದಾಗಿ ಅಗ್ಗಕ್ಕೆ ಸಿಗುತ್ತಿತ್ತು. ಬಿಚ್ಚಿ ಜೋಡಿಸುವುದೂ ಸುಲಭ.

ಚಾಪ್‌ಮನ್ ಅಂಥದೊಂದರ ಮೈಯನ್ನು ಕಳಚಿ, ಅಲ್ಯೂಮಿನಿಯಂ ಅಂಟಿಸಿದ ಪ್ಲೈವುಡ್ಡಿನ ಹೊಸ ಮೈ ಕಟ್ಟಿದ. ಅದು ಬರಿಯ ಅಂದಕ್ಕಲ್ಲ. ಬಳುಕುವ ಚಾಸಿಗೆ ಬಿಗಿ ಕೊಡುವುದೇ ಅದರ ಕೆಲಸ. ವಿಮಾನ ಕಟ್ಟುವವರ ಉಪಾಯವಿದು!

1948ರಲ್ಲಿ ಸಿದ್ಧವಾದ ಕಾರು ಕೆಸರುದಾರಿಯ ಸ್ಪರ್ಧೆಗಳಲ್ಲಿ ಓಡಿತು. ಎರಡೇ ವರ್ಷಗಳಲ್ಲಿ ಮಾರಿಹೋಯಿತು. 1963ರಲ್ಲಿ ಲೋಟಸ್ ಫಾರ್ಮುಲಾ ಒನ್ ಪ್ರಶಸ್ತಿ ಗೆದ್ದಿತು. 2018ರಲ್ಲಿ, 70 ವರ್ಷ ತುಂಬಿದಾಗ, ಹಳೆಯ ಶೆಡ್ಡುಗಳಲ್ಲಿ ಹುಡುಕಿರೆಂದು ಚಾಪ್‌ಮನ್‌ನ ಮಗ ಸಾರ್ವಜನಿಕರನ್ನು ಕೋರಿದ. ಹುಡುಕಬೇಕಾಗಿದ್ದುದು ಆ ಮೊದಲ ಕಾರನ್ನು.